ಕನ್ವರ್ಟಿಬಲ್ ಕಾರಿನ ರೂಫ್ ಅರ್ಧಕ್ಕೇ ನಿಂತರೆ: ಹೈಡ್ರಾಲಿಕ್ ತೊಂದರೆ ಹುಡುಕಿ ಸರಿಮಾಡುವ ಬಗೆ

ರೂಫನ್ನು ಮಡಚಿ ತೆರೆಯಬಹುದಾದ ಕನ್ವರ್ಟಿಬಲ್ ಕಾರಿನಲ್ಲಿ ಆ ರೂಫ್ ಕೈಕೊಟ್ಟಾಗ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು ಒಂದೇ: 'ಪಂಪ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು.' ಇದನ್ನು ತಕ್ಷಣ ನಂಬಬೇಡಿ. ಪಂಪ್ ಹೋಗಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಎಷ್ಟೋ ಸಲ ತೊಂದರೆ ಇರುವುದು ಒಂದು ಫ್ಯೂಸಿನಲ್ಲಿ, ಡಿಕ್ಕಿಯಲ್ಲಿ ಸರಿಯಾಗಿ ಎಳೆಯದ ಪರದೆಯಲ್ಲಿ, ಇಲ್ಲವೇ ಒಂದು ಸಣ್ಣ ರಬ್ಬರ್ ರಿಂಗಿನಲ್ಲಿ. ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಬಿಚ್ಚಲು ಕೂತರೆ ದುಡ್ಡೂ ಹೋಗುತ್ತೆ, ರೂಫೂ ಸರಿಹೋಗಲ್ಲ.

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಜೆಡ್4 ಅಥವಾ ಮರ್ಸಿಡಿಸ್ ಎಸ್‌ಎಲ್‌ಕೆ ಕೊಂಡವರಿಗೂ, ಜರ್ಮನಿಯಲ್ಲೋ ಅಮೆರಿಕದಲ್ಲೋ ಹಳೆಯ ಕನ್ವರ್ಟಿಬಲ್ ಅಗ್ಗಕ್ಕೆ ಸಿಕ್ಕಿತು ಅಂತ ಮನೆಗೆ ತಂದವರಿಗೂ ಈ ಲೇಖನ. ಅಗ್ಗಕ್ಕೆ ಸಿಗಲು ಅನೇಕ ಸಲ ರೂಫೇ ಕಾರಣ, ಅದು ಬೇರೆ ಮಾತು.

ಮೊದಲಿಗೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಕಾರಿನ ರೂಫ್ ನಿಜವಾಗಿಯೂ ಹೈಡ್ರಾಲಿಕ್ಸಿನಲ್ಲಿ, ಅಂದರೆ ಎಣ್ಣೆಯ ಒತ್ತಡದಲ್ಲಿ, ನಡೆಯುತ್ತದೆಯೇ? ಎಲ್ಲ ಕನ್ವರ್ಟಿಬಲ್‌ಗಳಲ್ಲೂ ಎಣ್ಣೆ ಇರುವುದಿಲ್ಲ. 1957ರಿಂದ 59ರವರೆಗೆ ಬಂದ ಫೋರ್ಡ್ ಸ್ಕೈಲೈನರ್ ಅಷ್ಟು ದೊಡ್ಡ ಲೋಹದ ರೂಫನ್ನು ಬರೀ ಎಲೆಕ್ಟ್ರಿಕ್ ಮೋಟರುಗಳಲ್ಲಿ ಮಡಚುತ್ತಿತ್ತು. ಪೋರ್ಶೆ ಬಾಕ್ಸ್‌ಟರಿನ ಮೊದಲ ತಲೆಮಾರಿನಲ್ಲೂ ಮೋಟರ್ ಮತ್ತು ಕೇಬಲ್ ಮಾತ್ರ. ಮಾಜ್ಡಾ ಎಂಎಕ್ಸ್-5ರ ಬಟ್ಟೆ ರೂಫನ್ನು ಕೈಯಲ್ಲೇ ಎತ್ತಿ ಹಿಂದೆ ಹಾಕಬೇಕು. ಇಂಥ ಕಾರಿಗೆ ಎಣ್ಣೆ ಎಲ್ಲಿ ಹಾಕಬೇಕು ಅಂತ ಹುಡುಕುತ್ತಾ ಕೂರಬೇಡಿ.

ಒಳಗೆ ಏನು ನಡೆಯುತ್ತದೆ

ಹೈಡ್ರಾಲಿಕ್ ರೂಫಿನಲ್ಲಿ ಒಂದು ಎಲೆಕ್ಟ್ರಿಕ್ ಮೋಟರ್, ಅದಕ್ಕೆ ಅಂಟಿಕೊಂಡ ಪಂಪ್, ಪಕ್ಕದಲ್ಲೇ ಸಣ್ಣ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಇದು ಡಿಕ್ಕಿಯ ಪಕ್ಕದ ಗೋಡೆಯ ಹಿಂದೆ ಇಲ್ಲವೇ ಹಿಂದಿನ ಸೀಟಿನ ಬೆನ್ನಿಗೆ ಕೂತಿರುತ್ತದೆ. ಅಲ್ಲಿಂದ ತೆಳ್ಳಗಿನ ಪೈಪುಗಳು ಸಿಲಿಂಡರುಗಳಿಗೆ ಹೋಗುತ್ತವೆ. ಸಿಲಿಂಡರಿನ ಒಂದು ಬದಿಗೆ ಎಣ್ಣೆ ನುಗ್ಗಿದರೆ ರಾಡ್ ಹೊರಗೆ, ಇನ್ನೊಂದು ಬದಿಗೆ ನುಗ್ಗಿದರೆ ಒಳಗೆ. ಯಾವ ಸಿಲಿಂಡರಿಗೆ ಯಾವಾಗ ಎಣ್ಣೆ ಹೋಗಬೇಕು ಅನ್ನುವುದನ್ನು ವಾಲ್ವುಗಳು ನೋಡಿಕೊಳ್ಳುತ್ತವೆ. ವಾಲ್ವುಗಳಿಗೆ ಹೇಳುವುದು ಕಂಟ್ರೋಲ್ ಯೂನಿಟ್. ಅದಕ್ಕೆ ರೂಫ್ ಈಗ ಎಲ್ಲಿದೆ ಅಂತ ತಿಳಿಸುವುದು ಸಣ್ಣ ಸಣ್ಣ ಸ್ವಿಚ್ಚುಗಳು. 1989ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್ ಆರ್129ರಲ್ಲಿ ಸಿಲಿಂಡರುಗಳೇ ಹತ್ತಕ್ಕಿಂತ ಜಾಸ್ತಿ, ಸ್ವಿಚ್ಚುಗಳು ಅದಕ್ಕೂ ಜಾಸ್ತಿ. ಇವುಗಳಲ್ಲಿ ಒಂದೇ ಒಂದು 'ನಾನಿನ್ನೂ ಮುಟ್ಟಿಲ್ಲ' ಅಂದರೂ ರೂಫ್ ನಿಂತಲ್ಲೇ ನಿಲ್ಲುತ್ತದೆ.

ಇಂಥ ಕಾರುಗಳಲ್ಲಿ ಎಣ್ಣೆಯ ಒತ್ತಡ ನೂರು ಬಾರ್ ಮೀರಬಹುದು. ನಿಮ್ಮ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಮುಂದಿನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲು ಇಷ್ಟು ಸಾಕು.

ಕೈ ಜೋಪಾನ

ಲೀಕ್ ಎಲ್ಲಿದೆ ಅಂತ ಬೆರಳಿಂದ ಸವರಿ ನೋಡಬೇಡಿ. ಪಂಪ್ ಓಡುತ್ತಿರುವಾಗ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗಬಲ್ಲದು. ಗಾಯ ನೋಡಲು ಸಣ್ಣ ಚುಕ್ಕೆ, ಒಳಗೆ ಮಾತ್ರ ದೊಡ್ಡ ಅನಾಹುತ. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ನೆ ಇರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಲೀಕ್ ನೋಡಲು ರಟ್ಟಿನ ತುಂಡು ಹಿಡಿಯಿರಿ, ಕಲೆ ಅದರ ಮೇಲೆ ಬೀಳಲಿ. ಕಣ್ಣಿಗೆ ಕನ್ನಡಕ ಇರಲಿ.

ಎರಡನೆಯದು, ಅರ್ಧ ಎದ್ದಿರುವ ರೂಫಿನ ಕೆಳಗೆ ತಲೆ, ಕೈ ಹಾಕುವ ಮೊದಲು ಗಟ್ಟಿ ಮರದ ತುಂಡು ಆನಿಸಿ ನಿಲ್ಲಿಸಿ. ಎಣ್ಣೆಯ ಒತ್ತಡ ಇಳಿದ ಗಳಿಗೆಯಲ್ಲಿ ಹಾರ್ಡ್ ಟಾಪ್, ಅಂದರೆ ಲೋಹದ ರೂಫ್, ದಡಕ್ಕನೆ ಕೂರುತ್ತದೆ. ಪೈಪ್ ಬಿಚ್ಚುವ ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ. ನೀವು ಕೈ ಒಳಗಿಟ್ಟಿರುವಾಗ ಮನೆಯವರು ಯಾರೋ ಬಂದು 'ಈಗ ಕೆಲಸ ಮಾಡುತ್ತಾ ನೋಡೋಣ' ಅಂತ ಬಟನ್ ಒತ್ತುವುದು ಹೊಸದೇನಲ್ಲ.

ಬಿಚ್ಚುವ ಮೊದಲು ನೋಡಬೇಕಾದ್ದು

ಕಾರಿನ ಕಂಪ್ಯೂಟರ್ ರೂಫ್ ನಡೆಸಲು ಕೆಲವು ಷರತ್ತು ಹಾಕಿರುತ್ತದೆ. ಲೋಹದ ರೂಫಿನ ಕಾರುಗಳಲ್ಲಿ ಡಿಕ್ಕಿಯೊಳಗೆ ಲಗೇಜಿಗೂ ರೂಫಿಗೂ ಮಧ್ಯೆ ಒಂದು ಪರದೆ ಅಥವಾ ತಟ್ಟೆ ಇರುತ್ತದೆ. ಅದು ಕೊಕ್ಕೆಗೆ ಪೂರ್ತಿ ಕೂತಿಲ್ಲದಿದ್ದರೆ ರೂಫ್ ಅಲ್ಲಾಡುವುದಿಲ್ಲ. ಎಸ್‌ಎಲ್‌ಕೆ, ಹಾರ್ಡ್ ಟಾಪ್ ಇರುವ ಜೆಡ್4, ವೋಲ್ವೊ ಸಿ70, ಎಲ್ಲದರಲ್ಲೂ ಇದೇ ಕಥೆ. ಪರದೆ ಎಳೆದಿದ್ದರೂ ಅದರ ಕೊಕ್ಕೆಯಲ್ಲಿರುವ ಸ್ವಿಚ್ ಕೆಟ್ಟಿರಬಹುದು. ಡ್ಯಾಶ್‌ಬೋರ್ಡಿನಲ್ಲಿ ಏನು ಸಂದೇಶ ಬರುತ್ತಿದೆ ಓದಿ. ಡಿಕ್ಕಿ ಸರಿಯಾಗಿ ಮುಚ್ಚಿದೆಯೇ, ಕಾರು ನಿಂತಿದೆಯೇ, ಬ್ರೇಕ್ ಒತ್ತಬೇಕಾದ ಮಾದರಿಯೇ, ನೋಡಿ. ವಿದೇಶದಲ್ಲಿರುವವರಿಗೆ ಇನ್ನೊಂದು ಮಾತು: ಹೊರಗೆ ಕೊರೆಯುವ ಚಳಿ ಇದ್ದರೆ ಕೆಲವು ಕಾರುಗಳು ರೂಫ್ ತೆಗೆಯಲು ಒಪ್ಪುವುದೇ ಇಲ್ಲ. ಅದು ಕೆಟ್ಟದ್ದಲ್ಲ, ಮಾಡಿರುವುದೇ ಹಾಗೆ.

ಆಮೇಲೆ ಬ್ಯಾಟರಿ. ಪಂಪಿನ ಮೋಟರ್ ಕರೆಂಟನ್ನು ಚೆನ್ನಾಗಿ ಕುಡಿಯುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ಕಾರಿನ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡಬಹುದು, ರೂಫ್ ಎತ್ತಲಾರದು. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಆನ್ ಮಾಡಿ ಪ್ರಯತ್ನಿಸಿದಾಗ ರೂಫ್ ಸಲೀಸಾಗಿ ಎದ್ದರೆ ನಿಮ್ಮ ಸಮಸ್ಯೆ ಹೈಡ್ರಾಲಿಕ್ಸ್ ಅಲ್ಲ, ಬ್ಯಾಟರಿ. ಮುಂದಿನದನ್ನು ಓದಬೇಕಾಗಿಲ್ಲ.

ಸದ್ದು ಕೇಳಿ

ಇಲ್ಲಿಂದ ಮುಂದಕ್ಕೆ ಮುಖ್ಯ ಸಲಕರಣೆ ನಿಮ್ಮ ಕಿವಿ. ಎಂಜಿನ್ ಆಫ್ ಮಾಡಿ, ಹಾಡು ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟು ಬಟನ್ ಒತ್ತಿ. ಇನ್ನೊಬ್ಬರು ಡಿಕ್ಕಿಯ ಹತ್ತಿರ ನಿಂತು ಕೇಳಲಿ.

ಏನೂ ಸದ್ದಿಲ್ಲವೇ? ಎಣ್ಣೆಯ ಕಡೆ ಹೋಗಬೇಡಿ. ಇದು ಕರೆಂಟಿನ ಸಮಸ್ಯೆ ಅಥವಾ ಮೇಲೆ ಹೇಳಿದ ಷರತ್ತಿನ ಸಮಸ್ಯೆ. ಟಕ್ ಅಂತ ಒಂದು ಸದ್ದು ಬಂದು ನಿಂತರೆ ರಿಲೇ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಕೆಲಸ ಮಾಡುತ್ತಿದೆ, ಮೋಟರಿಗೆ ಕರೆಂಟ್ ಮುಟ್ಟುತ್ತಿಲ್ಲ ಅಥವಾ ಮೋಟರ್ ಹಿಡಿದುಕೊಂಡಿದೆ. ಮೋಟರ್ ಗುಂಯ್ ಅಂತ ಹಗುರವಾಗಿ ಓಡುತ್ತಿದೆ, ರೂಫ್ ಮಾತ್ರ ಕದಲುತ್ತಿಲ್ಲ ಅಂದರೆ ಎಣ್ಣೆ ಕಡಿಮೆ, ಇಲ್ಲವೇ ಬೈಪಾಸ್ ಸ್ಕ್ರೂ (ರೂಫನ್ನು ಕೈಯಲ್ಲಿ ಮುಚ್ಚಬೇಕಾದಾಗ ಸಡಿಲಿಸುವ ಸ್ಕ್ರೂ) ತೆರೆದಿದೆ. ಮೋಟರ್ ಭಾರ ಎಳೆದಂತೆ ನರಳಿದರೆ ಯಾವುದೋ ಕೊಕ್ಕೆ ಬಿಟ್ಟಿಲ್ಲ, ರೂಫ್ ಎಲ್ಲೋ ಸಿಕ್ಕಿಕೊಂಡಿದೆ. ಹಾಗಿದ್ದಾಗ ಬಟನ್ ಒತ್ತಿ ಹಿಡಿಯಬೇಡಿ, ಚೌಕಟ್ಟು ಬಾಗುತ್ತದೆ. ಪ್ರತಿಸಲವೂ ಒಂದೇ ಜಾಗಕ್ಕೆ ಬಂದು ಮೋಟರ್ ಟಪ್ಪನೆ ನಿಲ್ಲುತ್ತದೆಯೇ? ಅದು ಬಹುಪಾಲು ಸ್ವಿಚ್ಚಿನ ಕೆಲಸ. ಸ್ಕ್ಯಾನರ್ ಹಾಕಿದರೆ ಯಾವ ಸ್ವಿಚ್ ಅಂತ ಹೇಳುತ್ತದೆ. ಆದರೆ ಸಾದಾ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದುತ್ತದೆ, ರೂಫಿನ ಯೂನಿಟ್ ಓದುವಂಥದ್ದೇ ಬೇಕು.

ಒಂದು ಬದಿ ಮುಂದೆ, ಇನ್ನೊಂದು ಬದಿ ಹಿಂದೆ ಬಿದ್ದು ರೂಫ್ ಸೊಟ್ಟಗೆ ಏಳುತ್ತಿದ್ದರೆ ಅಲ್ಲೇ ನಿಲ್ಲಿಸಿ. ಒಂದು ಸಿಲಿಂಡರ್ ಸೋತಿದೆ.

ಸದ್ದೇ ಇಲ್ಲದಿದ್ದರೆ

ಫ್ಯೂಸ್ ನೋಡಿ. ರೂಫಿನ ಪಂಪಿಗೆ ದೊಡ್ಡ ಫ್ಯೂಸ್ ಬೇರೆಯೇ ಇರುತ್ತದೆ, ಅನೇಕ ಸಲ ಡಿಕ್ಕಿಯಲ್ಲಿ. ಕಣ್ಣಲ್ಲಿ ನೋಡಿದರೆ ಸಾಲದು, ಮಲ್ಟಿಮೀಟರ್ ಇಟ್ಟು ನೋಡಿ. ಆಮೇಲೆ ಮೋಟರಿನ ಕನೆಕ್ಟರ್ ಹತ್ತಿರ, ಬಟನ್ ಒತ್ತಿದಾಗ 12 ವೋಲ್ಟ್ ಬರುತ್ತಿದೆಯೇ ಪರೀಕ್ಷಿಸಿ. ಎರಡು ದಪ್ಪ ವೈರ್ ಇರುವ ಮೋಟರುಗಳಲ್ಲಿ ತೆರೆಯುವಾಗ ಒಂದು ದಿಕ್ಕು, ಮುಚ್ಚುವಾಗ ಅದರ ಉಲ್ಟಾ. ಹೀಗಾಗಿ ಮೀಟರಿನಲ್ಲಿ ಮೈನಸ್ ಕಂಡರೆ ಗಾಬರಿ ಬೇಡ. ವೋಲ್ಟ್ ಬಂದರೂ ಮೋಟರ್ ಸುಮ್ಮನಿದ್ದರೆ ಮೋಟರೇ ಕೆಟ್ಟಿದೆ. ವೋಲ್ಟ್ ಬರದಿದ್ದರೆ ರಿಲೇ, ವೈರ್, ಕಂಟ್ರೋಲ್ ಯೂನಿಟ್ ಕಡೆ ಹಿಂದಕ್ಕೆ ಹೋಗಿ. ಬ್ಯಾಟರಿಯಿಂದ ನೇರ ವೈರ್ ಎಳೆದು ಮೋಟರ್ ಓಡಿಸುವ ಚಾಳಿ ಬೇಡ. ವಾಲ್ವುಗಳು ತಮ್ಮ ಸರದಿಯಲ್ಲಿ ತೆರೆಯದೆ ಎಣ್ಣೆ ಎಲ್ಲೋ ನುಗ್ಗಿ, ಕೊಕ್ಕೆ ಬಿಡದ ರೂಫನ್ನೇ ಎಳೆಯಬಹುದು.

ಇಲ್ಲಿ ಬಿಎಂಡಬ್ಲ್ಯು ಜೆಡ್4ರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. 2002ರಿಂದ 2008ರವರೆಗೆ ತಯಾರಾದ ಬಟ್ಟೆ ರೂಫಿನ ಜೆಡ್4, ಅಂದರೆ ಇ85, ನೋಡಲು ಎಷ್ಟು ಚೆಂದವೋ ಅದರ ಪಂಪಿನ ಜಾಗ ಅಷ್ಟೇ ಪೆದ್ದು. ರೂಫ್ ಮಡಚಿ ಕೂರುವ ಗುಂಡಿಯ ಎಡಬದಿಯಲ್ಲಿ, ಎಲ್ಲಕ್ಕಿಂತ ತಗ್ಗಾದ ಮೂಲೆಯಲ್ಲಿ, ಸ್ಪಂಜಿನ ಹೊದಿಕೆಯೊಳಗೆ ಮೋಟರನ್ನು ಇಟ್ಟಿದ್ದಾರೆ. ರೂಫಿನ ಮೇಲೆ ಬಿದ್ದ ಮಳೆನೀರು ಇಳಿದು ಹೊರಹೋಗುವ ದಾರಿಯೂ ಅದೇ ಮೂಲೆ. ನೀರು ಹೋಗುವ ಕೊಳವೆ ಎಲೆ, ಧೂಳಿನಿಂದ ಕಟ್ಟಿಕೊಂಡರೆ ಗುಂಡಿ ತುಂಬುತ್ತದೆ, ಸ್ಪಂಜು ನೀರು ಹೀರುತ್ತದೆ, ಮೋಟರ್ ನೀರಲ್ಲೇ ಕೂರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಕೆಂಪು ತುಕ್ಕಿನ ಕೆಸರು. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ತಮ್ಮ ಗೂಡಿನಲ್ಲೇ ಹಿಡಿದುಕೊಂಡಿರುತ್ತವೆ.

ಪಂಪಿನ ಎಣ್ಣೆಯ ಭಾಗಕ್ಕೆ ಏನೂ ಆಗಿರುವುದಿಲ್ಲ, ಹೆಚ್ಚಾಗಿ ಮೋಟರ್ ಮಾತ್ರ ಹೋಗಿರುತ್ತದೆ. ತುಕ್ಕು ಜಾಸ್ತಿ ಇಲ್ಲದಿದ್ದರೆ ಮೋಟರ್ ಬಿಚ್ಚಿ, ಒಣಗಿಸಿ, ಕಮ್ಯುಟೇಟರನ್ನು (ಬ್ರಷ್ ತಾಗುವ ತಾಮ್ರದ ಭಾಗ) ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಬ್ರಷ್ ಬದಲಾಯಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ಮೋಟರ್ ವೈಂಡಿಂಗ್ ಮಾಡುವ ಅಂಗಡಿಯವರಿಗೆ ಇದು ದಿನನಿತ್ಯದ ಕೆಲಸ. ಆದರೆ ಅದನ್ನು ಮತ್ತೆ ಅದೇ ಮೂಲೆಯಲ್ಲಿ ಇಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಹಾಡು. ಅದಕ್ಕೇ ಈ ಕಾರಿನ ಅನುಭವಸ್ಥರು ವೈರುಗಳನ್ನು ಉದ್ದ ಮಾಡಿ, ಪೈಪುಗಳ ದಾರಿ ಬದಲಿಸಿ ಪಂಪನ್ನು ಡಿಕ್ಕಿಯೊಳಗೆ ಕೂರಿಸಿಬಿಡುತ್ತಾರೆ. ನನ್ನ ಕೇಳಿದರೆ ಇ85ಕ್ಕೆ ಇದೊಂದೇ ಸರಿಯಾದ ರಿಪೇರಿ.

ಎಣ್ಣೆ ನೋಡುವುದು, ಹಾಕುವುದು

ಟ್ಯಾಂಕಿನ ಮೇಲೆ ಕನಿಷ್ಠ, ಗರಿಷ್ಠ ಗೆರೆ ಇರುತ್ತವೆ. ಆದರೆ ರೂಫ್ ತೆರೆದಿದ್ದಾಗ ನೋಡಬೇಕೋ, ಮುಚ್ಚಿದ್ದಾಗ ನೋಡಬೇಕೋ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ರಾಡ್ ಹೊರಗಿದ್ದಾಗ ಸಿಲಿಂಡರ್ ಜಾಸ್ತಿ ಎಣ್ಣೆ ಹಿಡಿಯುತ್ತದೆ, ಒಳಗಿದ್ದಾಗ ಕಡಿಮೆ. ತಪ್ಪು ಸ್ಥಿತಿಯಲ್ಲಿ ನೋಡಿ ಗರಿಷ್ಠ ಗೆರೆಯವರೆಗೆ ತುಂಬಿದರೆ, ರೂಫ್ ಇನ್ನೊಂದು ಕಡೆ ಹೋದಾಗ ಎಣ್ಣೆ ಉಕ್ಕಿ ಡಿಕ್ಕಿಯ ಕಾರ್ಪೆಟ್ ಪಾಲಾಗುತ್ತದೆ. ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಿರಿ.

ಯಾವ ಎಣ್ಣೆ ಅನ್ನುವುದರಲ್ಲಿ ರಾಜಿ ಬೇಡ. ಆರ್129 ಎಸ್‌ಎಲ್, ಮೊದಲ ಎಸ್‌ಎಲ್‌ಕೆ ಇಂಥ ಕಾರುಗಳಿಗೆ ಮರ್ಸಿಡಿಸ್ 343.0 ಅನ್ನುವ ಗುಣಮಟ್ಟದ ಹೈಡ್ರಾಲಿಕ್ ಎಣ್ಣೆ ಹೇಳುತ್ತದೆ. ಬೇರೆ ಕಂಪನಿಗಳದ್ದು ಬೇರೆ. 'ಪವರ್ ಸ್ಟೀರಿಂಗ್ ಆಯಿಲ್ ಹಾಕಿದ್ರೆ ಆಗುತ್ತೆ ಬಿಡಿ ಸಾರ್' ಅನ್ನುವವರು ಸಿಗುತ್ತಾರೆ. ಕೆಲವು ಕಾರಿಗೆ ಆಗಲೂಬಹುದು. ನಿಮ್ಮ ಕಾರಿಗೆ ಆಗುತ್ತದೆಯೇ ಅಂತ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಹಾಕಿ. 1950-60ರ ದಶಕದ ಅಮೆರಿಕನ್ ಕನ್ವರ್ಟಿಬಲ್ ಇಟ್ಟುಕೊಂಡಿರುವ ವಿಂಟೇಜ್ ಪ್ರಿಯರು ಇನ್ನೂ ಹುಷಾರಾಗಿರಬೇಕು. ಆ ಕಾಲದ ಕೆಲವು ಕಾರುಗಳ ರೂಫಿಗೆ ಬ್ರೇಕ್ ಆಯಿಲ್, ಇನ್ನು ಕೆಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಒಂದರ ಬದಲು ಇನ್ನೊಂದು ಹಾಕಿದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟೂ ಏಳುತ್ತದೆ.

ಇನ್ನೊಂದು ಮಾತು. ಈ ಎಣ್ಣೆ ಎಂಜಿನ್ ಆಯಿಲಿನಂತೆ ಸುಟ್ಟು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಮೇಲಿಂದ ಮೇಲೆ ಎಣ್ಣೆ ತುಂಬಿಕೊಂಡು ಓಡಿಸುವುದು ರಿಪೇರಿ ಅಲ್ಲ.

ಲೀಕ್ ಹುಡುಕುವುದು

ಪಂಪು, ಪೈಪಿನ ಕೀಲುಗಳು, ಸಿಲಿಂಡರುಗಳ ಬಾಯಿ, ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ. ಪ್ರತಿ ಸಿಲಿಂಡರಿನ ರಾಡ್ ಹೊರಬರುವ ಜಾಗಕ್ಕೆ ಟಿಶ್ಯೂ ಪೇಪರ್ ಸುತ್ತಿ. ರೂಫನ್ನು ಒಂದೆರಡು ಸಲ ತೆರೆದು ಮುಚ್ಚಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಯಾವ ಪೇಪರ್ ಒದ್ದೆಯಾಗಿದೆಯೋ ಅಲ್ಲೇ ನಿಮ್ಮ ಕಳ್ಳ.

ಕೆಲವು ಕಾರುಗಳಲ್ಲಿ ಇಷ್ಟು ಕಷ್ಟಪಡಬೇಕಾಗಿಯೇ ಇಲ್ಲ, ಎಣ್ಣೆಯೇ ತಲೆ ಮೇಲೆ ಬೀಳುತ್ತದೆ. ಮರ್ಸಿಡಿಸ್‌ನ ಆರ್129ರಲ್ಲೂ ಸಿಎಲ್‌ಕೆ ಎ208 ಕ್ಯಾಬ್ರಿಯೊಲೆಟಿನಲ್ಲೂ ರೂಫನ್ನು ಮುಂದಿನ ಗಾಜಿನ ಚೌಕಟ್ಟಿಗೆ ಬಿಗಿಯುವ ಸಿಲಿಂಡರ್ ಒಳಕನ್ನಡಿಯ ಮೇಲ್ಭಾಗದಲ್ಲಿದೆ. ಅದರ ಸೀಲ್ ಹೋದಾಗ ಮೊದಲು ಕನ್ನಡಿಯ ಹತ್ತಿರ ಲೈನಿಂಗ್ ಬಟ್ಟೆ ಕಪ್ಪಾಗುತ್ತದೆ. ಆಮೇಲೆ ಕನ್ನಡಿಯ ಅಂಚಿನಲ್ಲಿ ಜಿಡ್ಡಿನ ಒಂದು ಹನಿ. ಕಡೆಗೆ ಗೇರ್ ಹತ್ತಿರ, ಸೀಟಿನ ಮೇಲೆ, ನಿಮ್ಮ ಅಂಗಿಯ ಮೇಲೆ. ಇಂಥ ಕಾರು ಕೊಳ್ಳಲು ಹೋದವರು ಮೊದಲು ಕೈ ಇಟ್ಟು ನೋಡಬೇಕಾದ ಜಾಗ ಇದು.

ಎಲ್ಲೂ ಹನಿ ಇಲ್ಲ, ಎಣ್ಣೆಯ ಮಟ್ಟವೂ ಸರಿ, ಆದರೂ ಅರ್ಧ ಎದ್ದ ರೂಫ್ ಮೆಲ್ಲಗೆ ಇಳಿಯುತ್ತದೆಯೇ? ಲೀಕ್ ಒಳಗಡೆ ಇದೆ. ಪಿಸ್ಟನ್ನಿನ ಸೀಲ್ ಸವೆದು ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳುತ್ತಿದೆ, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಸಿಲಿಂಡರ್ ಬಿಚ್ಚಿ ಸೀಲ್ ಹಾಕುವುದು

ರೂಫಿಗೆ ಆಧಾರ ಕೊಟ್ಟಿದ್ದೀರಿ, ಬ್ಯಾಟರಿ ಕಳಚಿದ್ದೀರಿ. ಈಗ ಪೈಪುಗಳಿಗೆ ಗುರುತು ಹಾಕಿ. ಎರಡೂ ಪೈಪು ನೋಡಲು ಒಂದೇ ಥರ ಇರುತ್ತವೆ, ಅದಲು ಬದಲಾದರೆ ಸಿಲಿಂಡರ್ ಉಲ್ಟಾ ತಳ್ಳಿ ಚೌಕಟ್ಟನ್ನು ಮುರಿಯುತ್ತದೆ. ಟೇಪ್ ಅಂಟಿಸಿ ನಂಬರ್ ಬರೆಯಿರಿ, ಮೊಬೈಲಲ್ಲಿ ಫೋಟೊ ತೆಗೆಯಿರಿ, ಪೈಪ್ ಯಾವ ಸಂದಿಯಿಂದ ಹಾದು ಬಂದಿದೆ ಅನ್ನುವುದೂ ಫೋಟೊದಲ್ಲಿ ಬರಲಿ. ಕೀಲುಗಳನ್ನು ಬಿಚ್ಚುವಾಗ ಕೆಳಗೆ ಹಳೆ ಬಟ್ಟೆ ದಪ್ಪಗೆ ಹಾಸಿ. ಬಿಚ್ಚಿದ ಪೈಪಿನ ಬಾಯಿಗೆ ತಕ್ಷಣ ಶುಭ್ರವಾದ ಮುಚ್ಚಳ ಹಾಕಿ. ಒಂದು ಮರಳಿನ ಕಣ ಒಳಗೆ ಹೋದರೆ ಸಾಕು, ವಾಲ್ವ್ ಕೆಡಿಸುತ್ತದೆ.

ಸಿಲಿಂಡರಿನೊಳಗಿನ ಹಳೆ ಸೀಲುಗಳು ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿಯುತ್ತವೆ, ಕೆಲವು ಮುಟ್ಟಿದರೆ ಪುಡಿಯಾಗುತ್ತವೆ. ಆ ಪುಡಿಯನ್ನೆಲ್ಲ ತೊಳೆದು ತೆಗೆಯಬೇಕು. ರಾಡಿನ ಮೇಲೆ ಉಗುರಿಗೆ ಸಿಗುವಂಥ ಗೀರಿದ್ದರೆ ಹೊಸ ಸೀಲ್ ಹಾಕಿ ಉಪಯೋಗವಿಲ್ಲ, ಆ ಗೀರು ಅದನ್ನೂ ಕತ್ತರಿಸುತ್ತದೆ. ರಾಡ್ ಸೀಲ್, ಪಿಸ್ಟನ್ ಸೀಲ್, ಧೂಳು ತಡೆಯುವ ವೈಪರ್ ಸೀಲ್, ಓ-ರಿಂಗ್, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಹಾಕುವಾಗ ಅದೇ ಹೈಡ್ರಾಲಿಕ್ ಎಣ್ಣೆ ಸವರಿ. ಗ್ರೀಸ್ ಬೇಡ.

ಅಮೆರಿಕ, ಯುರೋಪಿನಲ್ಲಿ ಸಿಲಿಂಡರ್ ಕಳಿಸಿದರೆ ಸೀಲ್ ಹಾಕಿ ವಾಪಸ್ ಕಳಿಸುವವರಿದ್ದಾರೆ. ಹೊಸ ಸಿಲಿಂಡರ್ ಕೊಳ್ಳುವುದಕ್ಕಿಂತ ಅದು ಎಷ್ಟೋ ಅಗ್ಗ. ನಮ್ಮಲ್ಲಿ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಜೆಸಿಬಿ, ಮೆಷಿನ್‌ಗಳ ಸಿಲಿಂಡರ್ ರಿಪೇರಿ ಮಾಡುವವರ ಹತ್ತಿರ ಹೋಗಿ. ಕಾರಿನ ಸಿಲಿಂಡರ್ ನೋಡಿ ಮೊದಲು ನಗಬಹುದು, ಅವರು ದಿನಾ ಬಿಚ್ಚುವುದರ ಮುಂದೆ ಇದು ಆಟಿಕೆ. ಆದರೆ ಹಳೆ ಸೀಲಿನ ಅಳತೆ ತೆಗೆದು ಸರಿಯಾದದ್ದನ್ನು ಹುಡುಕುವ ಕಣ್ಣು ಅವರಿಗಿದೆ. ನೀವು ಹೇಳಬೇಕಾದ್ದು ಇಷ್ಟೇ: ಒಳಗೆ ಯಾವ ಎಣ್ಣೆ ಇರುತ್ತದೆ, ಅದಕ್ಕೆ ತಾಳುವ ಸೀಲ್ ಬೇಕು. ಎಡ ಬಲ ಜೋಡಿಯಾಗಿರುವ ಸಿಲಿಂಡರುಗಳಲ್ಲಿ ಒಂದು ಹೋಗಿದ್ದರೂ ಎರಡಕ್ಕೂ ಸೀಲ್ ಹಾಕಿಸಿ. ಎರಡೂ ಒಂದೇ ವಯಸ್ಸಿನವು.

ಗಾಳಿ ತೆಗೆಯುವುದು

ಎಲ್ಲ ಜೋಡಿಸಿ, ಎಣ್ಣೆ ತುಂಬಿದ ಮೇಲೆ ಪೈಪಿನಲ್ಲಿ ಗಾಳಿ ಉಳಿದಿರುತ್ತದೆ. ಬ್ರೇಕಿನಂತೆ ನಿಪ್ಪಲ್ ಬಿಚ್ಚಿ ಗಾಳಿ ತೆಗೆಯುವ ಏರ್ಪಾಡು ಬಹಳಷ್ಟು ಕಾರುಗಳಲ್ಲಿ ಇಲ್ಲ. ರೂಫ್ ನಾಲ್ಕೈದು ಸಲ ಪೂರ್ತಿ ತೆರೆದು ಮುಚ್ಚಿದರೆ ಗಾಳಿ ತಾನಾಗಿ ಟ್ಯಾಂಕಿಗೆ ಬರುತ್ತದೆ. ಮೊದಲ ಸಲ ರೂಫ್ ಎಳೆದಾಡುತ್ತಾ ಏಳುತ್ತದೆ, ಇಬ್ಬರು ಪಕ್ಕದಲ್ಲಿ ನಿಂತಿರಿ. ಪ್ರತಿ ಸುತ್ತಿನ ನಂತರ ಮಟ್ಟ ನೋಡಿ. ಎಣ್ಣೆಯಲ್ಲಿ ನೊರೆ ಕಂಡರೆ ಅದು ಇಳಿಯುವವರೆಗೆ ಕಾಯಿರಿ. ಅವಸರದಲ್ಲಿ ಒಂದೇ ಸಮ ಓಡಿಸಿದರೆ ಮೋಟರ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಹೆದರಬೇಡಿ, ತಣ್ಣಗಾಗಲು ಬಿಡಿ.

ಬ್ಯಾಟರಿ ಕಳಚಿದ್ದರಿಂದ ಕಿಟಕಿ ಗಾಜುಗಳು ತಮ್ಮ ಲೆಕ್ಕ ಮರೆತಿರಬಹುದು. ಗಾಜು ತುಸು ಇಳಿಯದೆ ರೂಫ್ ಕದಲುವುದಿಲ್ಲ. ಹಲವು ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ ಬಟನನ್ನು ಕೆಲವು ಸೆಕೆಂಡ್ ಹಿಡಿದರೆ ಸರಿಹೋಗುತ್ತದೆ. ಹಳೆಯ ಫಾಲ್ಟ್ ಕೋಡುಗಳನ್ನು ಸ್ಕ್ಯಾನರಿನಲ್ಲಿ ಅಳಿಸಿ.

ದಾರಿಯಲ್ಲೇ ನಿಂತು ಮಳೆ ಬಂದರೆ

ಹಲವು ಕಾರುಗಳ ಪಂಪಿನ ಮೇಲೆ ಒಂದು ಬೈಪಾಸ್ ಸ್ಕ್ರೂ ಇರುತ್ತದೆ. ಎಲೆನ್ ಕೀ ಅಥವಾ ಸ್ಕ್ರೂ ಡ್ರೈವರಿನಿಂದ ಅದನ್ನು ಸಡಿಲಿಸಿದರೆ ಎಣ್ಣೆ ಸಲೀಸಾಗಿ ಹರಿದು ರೂಫನ್ನು ಕೈಯಲ್ಲೇ ಮುಚ್ಚಬಹುದು. ಸ್ಕ್ರೂ ಎಲ್ಲಿದೆ, ಎಷ್ಟು ತಿರುಗಿಸಬೇಕು ಅಂತ ಓನರ್ ಮ್ಯಾನ್ಯುಯಲಿನಲ್ಲಿ ಇರುತ್ತದೆ. ಇಂದೇ ಓದಿಟ್ಟುಕೊಳ್ಳಿ, ಮಳೆಯಲ್ಲಿ ನೆನೆಯುತ್ತಾ ಓದಲಾಗುವುದಿಲ್ಲ. ಇಬ್ಬರು ಬೇಕು, ಎರಡೂ ಬದಿ ಸಮನಾಗಿ ಎತ್ತಬೇಕು, ಒಂದೇ ಬದಿ ಎಳೆದರೆ ಚೌಕಟ್ಟು ತಿರುಚುತ್ತದೆ. ಮುಚ್ಚಿದ ಮೇಲೆ ಸ್ಕ್ರೂ ಮತ್ತೆ ಬಿಗಿಮಾಡಿ. ಹಿಂದಿನ ಮಾಲೀಕರು ಬಿಗಿಮಾಡದೆ ಬಿಟ್ಟ ಸ್ಕ್ರೂ ಕಾರಣಕ್ಕೆ 'ಪಂಪ್ ಓಡುತ್ತೆ, ರೂಫ್ ಏಳಲ್ಲ' ಅಂತ ಗ್ಯಾರೇಜ್ ಸುತ್ತುವ ಕಾರುಗಳೂ ಇವೆ.

ಮಳೆಗಾಲದ ಮುಂಚೆ

ಬೆಂಗಳೂರಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸದೆ ಇರಲಾಗುವುದಿಲ್ಲ. ಗುಲ್‌ಮೊಹರ್ ಎಲೆ ಎಷ್ಟು ಸಣ್ಣದೆಂದರೆ ರೂಫಿನ ಯಾವ ಸಂದಿಯಲ್ಲೂ ನುಸುಳುತ್ತದೆ, ಒದ್ದೆಯಾದರೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲೊಮ್ಮೆ, ಆಮೇಲೆ ಮಳೆಗಾಲದ ಮಧ್ಯೆ ಇನ್ನೊಮ್ಮೆ ನೀರು ಹೋಗುವ ಕೊಳವೆಗಳನ್ನು ನೋಡಿ. ಒಂದು ಲೋಟ ನೀರು ನಿಧಾನವಾಗಿ ಸುರಿದು, ಕಾರಿನ ಕೆಳಗೆ ಬರುತ್ತದೆಯೇ ಗಮನಿಸಿ. ಬರದಿದ್ದರೆ ಮೆತ್ತನೆಯ ನೈಲಾನ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಕೊಳವೆ ಒಳಗೇ ಕಳಚಿಕೊಂಡು, ನೀರು ಸೀಟಿನ ಹಿಂದಿನ ಎಲೆಕ್ಟ್ರಾನಿಕ್ಸಿಗೆ ಇಳಿಯಬಹುದು. ಕಾರು ಓಡಿಸದ ತಿಂಗಳಲ್ಲೂ ರೂಫನ್ನು ಒಂದೆರಡು ಸಲ ತೆರೆದು ಮುಚ್ಚಿ, ಸೀಲುಗಳಿಗೆ ಎಣ್ಣೆ ತಾಗುತ್ತಿರಲಿ.